ಟ್ರಾಲಿಗೆ ಬ್ಯಾಟರಿ ಇರುವುದಿಲ್ಲ

ಮಹಾಲಿಂಗಪುರದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಸೆಲ್ಫ್ ಮೋಟರ್, ಡೈನಮೋ, ಬ್ಯಾಟರಿ ಚಾರ್ಜಿಂಗ್, ವೈರಿಂಗ್. ವರ್ಷದ ಏಳು ತಿಂಗಳು ಕೆಲಸ ಹೇಗೋ ನಡೆಯುತ್ತದೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ದಸರಾ ಮುಗಿದ ಕೂಡಲೇ ಟ್ರ್ಯಾಕ್ಟರುಗಳು ಅಂಗಡಿಯ ಮುಂದೆ ಸಾಲುಗಟ್ಟುತ್ತವೆ. ಎಲ್ಲರದೂ ಒಂದೇ ಮಾತು: "ಅಣ್ಣಾರ, ಹಿಂದಿನ ಲೈಟ್ ಮಾಡಿಕೊಡ್ರಿ."

ಈ ಹಿಂದಿನ ಲೈಟಿನ ಬಗ್ಗೆ ಸ್ವಲ್ಪ ಹೇಳಬೇಕು. ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿಂದ ವೈರು ಮೊದಲನೇ ಟ್ರಾಲಿಗೆ, ಅಲ್ಲಿಂದ ಎರಡನೇ ಟ್ರಾಲಿಗೆ ಹೋಗುತ್ತದೆ. ನಮ್ಮ ಕಡೆ ಕಬ್ಬು ಹೇರುವವರು ಎರಡು ಟ್ರಾಲಿ ಜೋಡಿಸುವುದೇ ಜಾಸ್ತಿ. ಒಂದೇ ಹಂಗಾಮಿನಲ್ಲಿ ಆ ವೈರು ಏನೆಲ್ಲ ಅನುಭವಿಸುತ್ತದೆ ಅಂತ ನನಗೆ ಗೊತ್ತು. ಕಬ್ಬಿನ ಗಳ ಸಿಕ್ಕಿಕೊಂಡು ಕಿತ್ತು ಬರುತ್ತದೆ. ಹುಕ್ಕು ಬಿಚ್ಚುವಾಗ ಸಾಕೆಟ್ ತೆಗೆಯಲು ಮರೆತು ಟ್ರ್ಯಾಕ್ಟರ್ ಮುಂದೆ ಎಳೆದುಬಿಡುತ್ತಾರೆ. ಅರ್ಥಿಂಗಿಗೆ ಬೇರೆ ವೈರು ಹಾಕದೆ ಹುಕ್ಕಿನ ಕಬ್ಬಿಣವನ್ನೇ ನಂಬಿದರೆ, ಅದು ತುಕ್ಕು ಹಿಡಿದ ಮೇಲೆ ಬಲ್ಬು ಬೀಡಿಯ ತುದಿಯ ಹಾಗೆ ಮಿಣಮಿಣ ಅನ್ನುತ್ತದೆ. ಎಲ್ಲ ಸರಿ ಇದ್ದರೂ ಹೇರಿದ ಕಬ್ಬು ಹಿಂದಕ್ಕೆ ಮೂರು ನಾಲ್ಕು ಅಡಿ ಚಾಚಿ ಲೈಟನ್ನೇ ಮುಚ್ಚುತ್ತದೆ. ಅದಕ್ಕೇ ನಾನು ಅರ್ಥಿಂಗಿಗೆ ಬೇರೆ ವೈರು ಎಳೆಯುತ್ತೇನೆ. ಕಬ್ಬಿಣದ ಪಟ್ಟಿ ಬೆಸೆಸಿ ಲೈಟನ್ನು ಕೆಳಗೆ, ಹೊರಗೆ ತರುತ್ತೇನೆ. ನನ್ನ ಕೆಲಸದ ಮೇಲೆ ನನಗೆ ಪೂರಾ ನಂಬಿಕೆ ಇತ್ತು.

ಎರಡು ಹಂಗಾಮಿನ ಹಿಂದಿನ ಮಾತು. ಡಿಸೆಂಬರ್ ತಿಂಗಳು, ರಾತ್ರಿ ಒಂಬತ್ತೂವರೆ. ನನ್ನ ಕಾಕಾನ ಮಗ ಮುಧೋಳದಿಂದ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ಎದುರಿನಿಂದ ಒಂದು ಲಾರಿ ಫುಲ್ ಲೈಟ್ ಹಾಕಿಕೊಂಡು ಬಂತು. ಇವನು ಡಿಪ್ ಮಾಡಿ ಎಡಕ್ಕೆ ಸರಿದ. ಲಾರಿ ದಾಟಿದ ಮೇಲೆ ಒಂದೆರಡು ಸೆಕೆಂಡು ಕಣ್ಣಿಗೆ ಬರೀ ಕತ್ತಲೆ. ಆ ಕತ್ತಲೆಯಲ್ಲಿ ಕಬ್ಬು ತುಂಬಿದ ಟ್ರಾಲಿಯೊಂದು ನಿಂತಿತ್ತು.

ಜೀವ ಉಳಿಯಿತು. ಬಲ ಮೊಣಕಾಲು ಪುಡಿಯಾಯಿತು. ಎರಡು ಆಪರೇಷನ್ ಆದವು. ಪವರ್‌ಲೂಮಿನಲ್ಲಿ ದಿನಕ್ಕೆ ಹತ್ತು ತಾಸು ನಿಂತು ಕೆಲಸ ಮಾಡುತ್ತಿದ್ದ ಹುಡುಗ ಅವನು. ಈಗ ಅರ್ಧ ತಾಸು ನಿಂತರೆ ಕಾಲಿಗೆ ಬಾವು ಬರುತ್ತದೆ.

ಮರುದಿನ ಬೆಳಿಗ್ಗೆ ನಾನು ಆ ಜಾಗಕ್ಕೆ ಹೋದೆ. ಟ್ರಾಲಿ ಇನ್ನೂ ಅಲ್ಲೇ ಇತ್ತು. ಬಗ್ಗಿ ನೋಡಿದೆ. ಕೆಳಗಿಳಿಸಿ ಬೆಸೆದ ಪಟ್ಟಿ, ಅದರ ಮೇಲೆ ಕೆಂಪು ಲೈಟು, ವೈರಿನ ಜೋಡಣೆಗೆ ನಾನು ಯಾವಾಗಲೂ ಸುತ್ತುವ ಹಳದಿ ಟೇಪು. ಹದಿನೈದು ದಿನದ ಹಿಂದೆ ನನ್ನ ಅಂಗಡಿಯಲ್ಲೇ, ನನ್ನ ಕೈಯಿಂದಲೇ ಆದ ಕೆಲಸ. ಒಂದು ಲೈಟು ಹೊಡೆತಕ್ಕೆ ಒಡೆದಿತ್ತು. ಇನ್ನೊಂದಕ್ಕೆ ನನ್ನ ಬೈಕಿನ ಬ್ಯಾಟರಿಯಿಂದ ಕರೆಂಟು ಕೊಟ್ಟು ನೋಡಿದೆ. ಚೆನ್ನಾಗಿ ಉರಿಯಿತು.

ಡ್ರೈವರ್ ರಸ್ತೆ ಬದಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಅಣ್ಣಾರ, ಲೈಟ್ ಬರೋಬ್ಬರಿ ಇದ್ದೂರಿ. ಎಕ್ಸೆಲ್ ಮುರೀತು. ಟ್ರ್ಯಾಕ್ಟರ್ ಬಿಚ್ಚಿಕೊಂಡು ಸಾಮಾನು ತರಾಕ ಹೋಗಿದ್ದೆ. ಹಿಂದ ನಾಕು ಕಲ್ಲು, ಒಂದು ಜಾಲಿ ಟೊಂಗಿ ಇಟ್ಟಿದ್ದೆ" ಅಂದ. ಅವನ ಧ್ವನಿ ನಡುಗುತ್ತಿತ್ತು.

ಅವನ ಮೇಲೆ ಸಿಟ್ಟು ಮಾಡಲು ನನಗೆ ಬರಲಿಲ್ಲ. ಟ್ರ್ಯಾಕ್ಟರ್ ಹೋದ ಮೇಲೆ ಟ್ರಾಲಿಗೆ ಕರೆಂಟು ಎಲ್ಲಿಂದ ಬರಬೇಕು? ಟ್ರಾಲಿಗೆ ಬ್ಯಾಟರಿ ಇರುವುದಿಲ್ಲ. ಇಷ್ಟು ವರ್ಷ ಎಷ್ಟೋ ಟ್ರಾಲಿಗಳಿಗೆ ಲೈಟು ಹಾಕಿದ್ದೇನೆ. ಓಡುವಾಗ ಉರಿಯುವ ಲೈಟು, ಕೆಟ್ಟು ನಿಂತಾಗಲೇ ಆರಿರುತ್ತದೆ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ.

ನನ್ನ ಅಕ್ಕನ ಮಗ ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಾನೆ. ಸಂಕ್ರಾಂತಿಗೆ ಬಂದವನು ನಮ್ಮ ತಮ್ಮನ ಕಾಲು ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ಕೇಳಿದ: "ಮಾಮಾ, ಗಾಡಿ ಗಾಡಿ ತಮ್ಮೊಳಗ ಮಾತಾಡೋ ರೇಡಿಯೋ ಐತಿ, ಗೊತ್ತೈತೇನು?" ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಓದುತ್ತಿದ್ದೇನೆ. ಅರ್ಥವಾಗದ್ದನ್ನು ಅವನಿಗೆ ಫೋನ್ ಮಾಡಿ ಕೇಳುತ್ತೇನೆ. ಓದಿದ್ದು, ಮಾಡಿ ನೋಡಿದ್ದು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ವೆಹಿಕಲ್ ಟು ವೆಹಿಕಲ್, ಚಿಕ್ಕದಾಗಿ ವಿ2ವಿ ಅನ್ನುತ್ತಾರೆ. ವಿಚಾರ ಸರಳ. ಪ್ರತಿ ಗಾಡಿಯೂ ಸೆಕೆಂಡಿಗೆ ಹತ್ತು ಸಲ ಒಂದು ಸಣ್ಣ ಸಂದೇಶ ಕೂಗುತ್ತದೆ. ನಾನು ಇಲ್ಲಿದ್ದೇನೆ, ಇಷ್ಟು ಸ್ಪೀಡು, ಈ ದಿಕ್ಕು, ಬ್ರೇಕ್ ಒತ್ತಿದ್ದೇನೆ ಅಥವಾ ಇಲ್ಲ, ನನ್ನ ಉದ್ದ ಅಗಲ ಇಷ್ಟು. ಅಷ್ಟೇ. ಅಮೆರಿಕದವರು ಇದನ್ನು ಬೇಸಿಕ್ ಸೇಫ್ಟಿ ಮೆಸೇಜ್ ಅನ್ನುತ್ತಾರೆ. ಸುತ್ತಲಿನ ಗಾಡಿಗಳು ಅದನ್ನು ಕೇಳಿ ತಮ್ಮ ಲೆಕ್ಕ ತಾವು ಮಾಡಿಕೊಳ್ಳುತ್ತವೆ. ಟವರ್ ಬೇಡ, ಸಿಮ್ ಬೇಡ. ಬಯಲು ರಸ್ತೆಯಲ್ಲಿ ಸುಮಾರು 300 ಮೀಟರ್ ದೂರಕ್ಕೆ ಕೇಳುತ್ತದೆ. ಅಂಗಡಿಗೆ ಬರುವವರು ಮೊದಲು ಕೇಳುವುದು, "ಹಂಗಾರ ಪೊಲೀಸರಿಗೂ ನಮ್ಮ ಸ್ಪೀಡ್ ಗೊತ್ತಾಗ್ತೈತೇನ್ರೀ?" ಅಂತ. ಸಂದೇಶದಲ್ಲಿ ಗಾಡಿಯ ನಂಬರ್ ಇರುವುದಿಲ್ಲ, ಮಾಲೀಕರ ಹೆಸರೂ ಇರುವುದಿಲ್ಲ. ಒಂದು ತಾತ್ಕಾಲಿಕ ಗುರುತು ಇರುತ್ತದೆ. ಅದನ್ನೂ ಆಗಾಗ ಬದಲಾಯಿಸುತ್ತಾರೆ.

300 ಮೀಟರ್ ಅಂದರೆ ಏನು ಅಂತ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಅದು ಇನ್ನೂ ಅಲ್ಲೇ ಇದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ 16ರಿಂದ 17 ಮೀಟರ್. ಕಣ್ಣಿಗೆ ಕಂಡು, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡು. ಅಷ್ಟರಲ್ಲಿ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ, ಒಳ್ಳೆ ಟೈರಿನಲ್ಲಿ ನಿಲ್ಲಲು ಇನ್ನೂ 28 ಮೀಟರ್ ಹಿಡಿಯಿರಿ. ಒಟ್ಟು 53. ಡಿಪ್ ಮಾಡಿದ ಹೆಡ್‌ಲೈಟ್ ರಸ್ತೆಯ ಮೇಲೆ ಬೀಳುವುದು 40ರಿಂದ 50 ಮೀಟರ್. ಅಂದರೆ 60ರಲ್ಲೇ ಬೆಳಕು ಸಾಲುವುದಿಲ್ಲ. 80ರಲ್ಲಿ ಹೋದರೆ ನಿಲ್ಲಲು 80 ಮೀಟರ್ ದಾಟುತ್ತದೆ. ಅದೇ 300 ಮೀಟರ್ ಮೊದಲೇ ಗೊತ್ತಾದರೆ, 60ರ ಸ್ಪೀಡಿನಲ್ಲಿ ಹದಿನೆಂಟು ಸೆಕೆಂಡು ಸಿಗುತ್ತದೆ. ಹದಿನೆಂಟು ಸೆಕೆಂಡಿನಲ್ಲಿ ನಮ್ಮ ತಮ್ಮ ಗಾಡಿ ನಿಲ್ಲಿಸಿ ಇಳಿದು ನಿಲ್ಲಬಹುದಿತ್ತು.

ಇದು ಈಗಷ್ಟೇ ಬಂದದ್ದು ಅಂದುಕೊಂಡಿದ್ದೆ. ಅಲ್ಲ. ಅಮೆರಿಕದಲ್ಲಿ 1999ರಲ್ಲೇ ಇದಕ್ಕಾಗಿ ರೇಡಿಯೋ ಅಲೆಗಳಲ್ಲಿ 5.9 ಗಿಗಾಹರ್ಟ್ಸ್ ಹತ್ತಿರ 75 ಮೆಗಾಹರ್ಟ್ಸ್ ಅಗಲದ ಜಾಗ ತೆಗೆದಿಟ್ಟಿದ್ದರು. 2010ರಲ್ಲಿ 802.11ಪಿ ಅನ್ನುವ ನಿಯಮಾವಳಿ ಬಂತು. ಅದು ನಮ್ಮ ಮನೆಯ ವೈಫೈಗೆ ಅಣ್ಣತಮ್ಮ ಇದ್ದ ಹಾಗೆ. 2012ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ ಸುಮಾರು 2,800 ಕಾರು, ಲಾರಿ, ಬಸ್ಸುಗಳಿಗೆ ರೇಡಿಯೋ ಕೂರಿಸಿ ದಿನನಿತ್ಯದ ರಸ್ತೆಯಲ್ಲೇ ಓಡಿಸಿ ನೋಡಿದರು. 2015ರಲ್ಲಿ ಟೊಯೋಟಾದವರು ಜಪಾನಿನಲ್ಲಿ ಮಾರುವ ಕಾರಿಗೇ ಹಾಕಿದರು. 2016ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡುವ ಪ್ರಸ್ತಾವ ಮುಂದಿಟ್ಟಿತು. ಅದು ಕಾನೂನು ಆಗಲೇ ಇಲ್ಲ.

ಒಂದು ಕಾರಣ, ನಡುವೆ ಇನ್ನೊಂದು ಭಾಷೆ ಬಂತು. ಮೊಬೈಲ್ ಫೋನಿನ ನಿಯಮಾವಳಿ ಬರೆಯುವ 3ಜಿಪಿಪಿ ಸಂಸ್ಥೆ 2017ರಲ್ಲಿ ತನ್ನದೇ ಪದ್ಧತಿ ತಂದಿತು. ಅದಕ್ಕೆ ಸಿ-ವಿ2ಎಕ್ಸ್ ಅನ್ನುತ್ತಾರೆ. ಮೊಬೈಲಿನ ಕಡೆಯಿಂದ ಬಂದರೂ ಇದರಲ್ಲಿ ಟವರಿನ ಹಂಗಿಲ್ಲದೆ ಗಾಡಿಯಿಂದ ಗಾಡಿಗೆ ನೇರ ಮಾತಾಡುವ ದಾರಿ ಇದೆ. ಆದರೆ ಹಳೆಯ ರೇಡಿಯೋಗೆ ಹೊಸದರ ಮಾತು ತಿಳಿಯುವುದಿಲ್ಲ, ಹೊಸದಕ್ಕೆ ಹಳೆಯದರ ಮಾತು ತಿಳಿಯುವುದಿಲ್ಲ. 2019ರಲ್ಲಿ ಫೋಕ್ಸ್‌ವಾಗನ್‌ನವರು ಹೊಸ ಗಾಲ್ಫ್ ಕಾರಿಗೆ ವೈಫೈ ಕಡೆಯದನ್ನು ಹಾಕಿದರು. ಚೀನಾದವರು ಮೊಬೈಲ್ ಕಡೆಯದನ್ನು ಹಿಡಿದರು. 2020ರ ನವೆಂಬರಿನಲ್ಲಿ ಅಮೆರಿಕದ ತರಂಗ ಹಂಚುವ ಆಯೋಗ ಆ 75ರಲ್ಲಿ 45 ಮೆಗಾಹರ್ಟ್ಸನ್ನು ಮಾಮೂಲಿ ವೈಫೈಗೆ ಕೊಟ್ಟು, ಉಳಿದ 30ನ್ನು ಸಿ-ವಿ2ಎಕ್ಸ್‌ಗೆ ಇಟ್ಟಿತು. 1999ರಿಂದ 2020. ಇಪ್ಪತ್ತೊಂದು ವರ್ಷ. ಅಷ್ಟು ವರ್ಷ ರಸ್ತೆಯ ಮೇಲೆ ಸತ್ತವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಎರಡರಲ್ಲಿ ಯಾವುದೇ ಒಂದನ್ನು ಬೇಗ ಹಿಡಿದಿದ್ದರೂ ಒಳ್ಳೆಯದಿತ್ತು.

ಎರಡರ ವ್ಯತ್ಯಾಸ ಅಳಿಯ ಹೇಳಿಕೊಟ್ಟಾಗ ನನಗೆ ಹೀಗೆ ತಿಳಿಯಿತು. ವೈಫೈ ಕಡೆಯದು ಕಟ್ಟೆಯ ಮೇಲೆ ಕುಳಿತವರ ಮಾತಿನ ಹಾಗೆ. ಬೇರೆಯವರು ಮಾತಾಡುತ್ತಿದ್ದರೆ ಸುಮ್ಮನಿದ್ದು, ಅವರು ನಿಲ್ಲಿಸಿದ ಮೇಲೆ ನಾವು ಶುರು ಮಾಡುತ್ತೇವೆ. ಹತ್ತು ಜನ ಇದ್ದರೆ ಚೆನ್ನಾಗಿ ನಡೆಯುತ್ತದೆ. ಮೊಬೈಲ್ ಕಡೆಯದು ಕಾಲುವೆ ನೀರಿನ ಪಾಳಿಯ ಹಾಗೆ. ಯಾರ ಹೊತ್ತು ಯಾವುದು ಅಂತ ಮೊದಲು ಗಮನಿಸಿ, ಖಾಲಿ ಇರುವ ಒಂದು ಹೊತ್ತನ್ನು ಹಿಡಿದು, ಕೆಲವು ಸುತ್ತು ಅದೇ ಹೊತ್ತಿಗೆ ಮಾತಾಡುತ್ತದೆ. ನೀರಿನ ಪಾಳಿಯಲ್ಲಿ ಇಬ್ಬರೂ ಒಂದೇ ಹೊತ್ತು ತಮ್ಮದು ಅಂದುಕೊಂಡರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಾಗಿಲ್ಲ. ಇಲ್ಲೂ ಹಾಗೆ ಆಗುತ್ತದೆ. ಆಗ ಒಂದೆರಡಲ್ಲ, ಸಾಲಾಗಿ ಹಲವು ಸಂದೇಶ ಹಾಳಾಗುತ್ತವೆ.

ಇವುಗಳಿಂದ ಆಗುವ ಕೆಲಸಗಳ ಪಟ್ಟಿ ಓದಿದಾಗ ನಮ್ಮ ರಸ್ತೆಯೇ ಕಣ್ಣ ಮುಂದೆ ಬಂತು. ಮುಂದಿನ ಮುಂದಿನ ಗಾಡಿ ಗಕ್ಕನೆ ಬ್ರೇಕ್ ಹಾಕಿದರೆ, ನಡುವಿನ ಲಾರಿ ಅಡ್ಡ ಇದ್ದರೂ ನಮಗೆ ತಿಳಿಯುತ್ತದೆ. ಬೆಳಗಾವಿ ಹತ್ತಿರ ವಂಟಮುರಿ ಘಾಟಿನ ಇಳಿಜಾರಿನಲ್ಲಿ ಮಳೆಗಾಲದ ರಾತ್ರಿ ಲಾರಿಗಳ ಹಿಂದೆ ಹೋದವರಿಗೆ ಅದರ ಬೆಲೆ ಗೊತ್ತು. ಓವರ್‌ಟೇಕ್ ಮಾಡಲು ಹೊರಟಾಗ ಎದುರಿನಿಂದ ಗಾಡಿ ಬರುತ್ತಿದ್ದರೆ ಬೇಡ ಅನ್ನುತ್ತದೆ. ಎರಡು ಟ್ರಾಲಿ ಕಬ್ಬಿನ ಹಿಂದೆ ಸಿಕ್ಕಿಕೊಂಡವನಿಗೆ ಮುಂದಿನ ರಸ್ತೆ ಎಲ್ಲಿ ಕಾಣುತ್ತದೆ? ಇನ್ನೊಂದು ಕ್ರಾಸಿನ ಎಚ್ಚರಿಕೆ. ಹೊಲದ ದಾರಿ ಬಂದು ರಸ್ತೆಗೆ ಕೂಡುವ ಕಡೆ ಎರಡೂ ಬದಿ ಕಬ್ಬು ಆಳೆತ್ತರಕ್ಕಿಂತ ಮೇಲೆ ನಿಂತಿರುತ್ತದೆ. ಕಟಾವಾದ ಮೇಲೆ ಅದೇ ಕ್ರಾಸ್ ನೋಡಿದರೆ ಬೇರೆ ಊರಿಗೆ ಬಂದ ಹಾಗೆ ಅನಿಸುತ್ತದೆ.

ನಿಂತ ಗಾಡಿಯ ಎಚ್ಚರಿಕೆಯೂ ಯುರೋಪಿನ ಪಟ್ಟಿಯಲ್ಲಿದೆ. ವೋಲ್ವೊದವರು 2016ರಲ್ಲೇ ಸ್ವೀಡನ್, ನಾರ್ವೆಯಲ್ಲಿ ಒಂದು ಕಾರು ನಾಲ್ಕೂ ಇಂಡಿಕೇಟರ್ ಹಾಕಿದರೆ ಹತ್ತಿರದ ತಮ್ಮ ಬೇರೆ ಕಾರುಗಳಿಗೆ ಮೊಬೈಲ್ ನೆಟ್‌ವರ್ಕ್ ಮೂಲಕ ಸುದ್ದಿ ಹೋಗುವ ಹಾಗೆ ಮಾಡಿದರು. ಇದನ್ನೆಲ್ಲ ಓದುತ್ತಾ ನನ್ನ ಮನಸ್ಸು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಕೆಟ್ಟು ನಿಂತ ಗಾಡಿಗೂ ಬ್ಯಾಟರಿ ಇರುತ್ತದೆ. ನಮ್ಮಲ್ಲಿ ರಾತ್ರಿ ರಸ್ತೆಯ ಮೇಲೆ ಒಂಟಿಯಾಗಿ ಉಳಿಯುವುದು ಎಂಜಿನ್ನೂ ಇಲ್ಲದ, ಬ್ಯಾಟರಿಯೂ ಇಲ್ಲದ, ಡ್ರೈವರನೂ ಇಲ್ಲದ ಕಬ್ಬಿಣದ ಡಬ್ಬಿ.

ಹಿರೇಬಾಗೇವಾಡಿ ಟೋಲ್ ದಾಟಿ ಬಂದ ಗಿರಾಕಿಯೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಫಾಸ್ಟ್ಯಾಗಿಗೂ ಬ್ಯಾಟರಿ ಇಲ್ಲಲ್ರೀ, ಅದು ಮಾತಾಡೂದಿಲ್ಲೇನು?" ಮಾತಾಡುತ್ತದೆ. ಆದರೆ ಟೋಲಿನ ಮೇಲೆ ಇರುವ ಯಂತ್ರ 865 ಮೆಗಾಹರ್ಟ್ಸಿನ ಆಸುಪಾಸಿನ ಅಲೆಯನ್ನು ಅದರ ಮೇಲೆ ಬಿಡುತ್ತದೆ. ಅದೇ ಅಲೆಯಿಂದ ಕರೆಂಟು ತೆಗೆದುಕೊಂಡು ಸ್ಟಿಕರ್ ಉತ್ತರ ಕೊಡುತ್ತದೆ. ಅದಕ್ಕೇ ಕೆಲವು ಮೀಟರ್ ಮಾತ್ರ. ಬೈಕಿನ ಮೇಲೆ ಅಂಥ ಯಂತ್ರ ಹೊತ್ತುಕೊಂಡು 300 ಮೀಟರ್ ದೂರದ ಟ್ರಾಲಿಯನ್ನು ಎಬ್ಬಿಸಲು ಆಗುವುದಿಲ್ಲ. ದೂರಕ್ಕೆ ಕೂಗಬೇಕಾದರೆ ಕೂಗುವವನ ಹೊಟ್ಟೆಯಲ್ಲೇ ಏನಾದರೂ ಇರಬೇಕು.

ಹಾಗಾಗಿ ನಾವೇ ಒಂದು ಮಾಡಿ ನೋಡಿದೆವು. 5.9 ಗಿಗಾಹರ್ಟ್ಸ್ ನಮ್ಮಂಥವರು ಮುಟ್ಟುವ ಜಾಗ ಅಲ್ಲ. 2.4 ಗಿಗಾಹರ್ಟ್ಸಿನಲ್ಲಿ ಕಡಿಮೆ ಶಕ್ತಿಯ ರೇಡಿಯೋಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಅಳಿಯ ಇಎಸ್‌ಪಿ32 ಅನ್ನುವ ಸಣ್ಣ ಬೋರ್ಡು ತಂದ. ಅದರಲ್ಲಿ ಬೋರ್ಡಿನಿಂದ ಬೋರ್ಡಿಗೆ ನೇರ ಸಂದೇಶ ಕಳಿಸುವ ಇಎಸ್‌ಪಿ-ನೌ ಅನ್ನುವ ಪದ್ಧತಿ ಇದೆ. ರೂಟರ್ ಬೇಡ, ಪಾಸ್‌ವರ್ಡ್ ಬೇಡ, ಮೊದಲೇ ಪರಿಚಯ ಬೇಡ. 802.11ಪಿಯ ಗುಣವೂ ಅದೇ. "ಮಾಮಾ, ಇದು ಯಾರ ಹಾದೀನೂ ಕಾಯಂಗಿಲ್ಲ, ಸುಮ್ನ ಒದರತೈತಿ" ಅಂದ. ಎರಡು ಗಾಡಿ ಒಂದನ್ನೊಂದು ದಾಟಲು ಕೆಲವೇ ಸೆಕೆಂಡು ಸಾಕು. ಕೈಕುಲುಕಿ, ಹೆಸರು ಕೇಳಿ ಮಾತು ಶುರು ಮಾಡುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿರುತ್ತದೆ.

ಟ್ರಾಲಿಗೆ ಕಟ್ಟುವ ಸಣ್ಣ ಡಬ್ಬಿಯಲ್ಲಿ ಆ ಬೋರ್ಡು, ಒಂದು ಲಿಥಿಯಂ ಸೆಲ್, ಮೇಲೆ ಅಂಗೈಯಗಲದ ಸೋಲಾರ್ ಪ್ಲೇಟ್. ಏಳು ಪಿನ್ನಿನ ಸಾಕೆಟ್ಟಿನಿಂದ ಒಂದು ವೈರು ಡಬ್ಬಿಗೂ ಹೋಗುತ್ತದೆ. ಟ್ರ್ಯಾಕ್ಟರಿನ ಕರೆಂಟು ಇರುವ ತನಕ ಡಬ್ಬಿ ಸುಮ್ಮನೆ ಚಾರ್ಜ್ ಆಗುತ್ತದೆ. ಕರೆಂಟು ಹೋದ ಕೂಡಲೇ, ಅಂದರೆ ಟ್ರ್ಯಾಕ್ಟರ್ ಬಿಚ್ಚಿದ ಕೂಡಲೇ, ಎಚ್ಚರಗೊಂಡು ಸೆಕೆಂಡಿಗೊಮ್ಮೆ ಕೂಗಲು ಶುರು ಮಾಡುತ್ತದೆ. ಜೊತೆಗೆ ಒಂದು ಕೆಂಪು ಎಲ್ಇಡಿ ಮಿಂಚುತ್ತದೆ. ಡ್ರೈವರ್ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ನಿಂತ ಟ್ರಾಲಿ ಓಡುವುದಿಲ್ಲವಾದ್ದರಿಂದ ಸೆಕೆಂಡಿಗೆ ಹತ್ತು ಸಲ ಹೇಳುವ ಅಗತ್ಯವೂ ಇಲ್ಲ, ಸೆಲ್ಲೂ ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಇಟ್ಟು ನೋಡಿದೆವು. ಸೋಲಾರ್ ಇಲ್ಲದೆಯೂ ಒಂಬತ್ತು ದಿನ ಕೂಗಿತು. ಬೈಕಿಗೆ ಇನ್ನೊಂದು ಬೋರ್ಡು, ಅದಕ್ಕೆ ಬಜರ್.

ಒಂದು ಭಾನುವಾರ ಬೆಳಿಗ್ಗೆ ಮುಧೋಳ ರಸ್ತೆಯಲ್ಲಿ ಪರೀಕ್ಷೆ ಮಾಡಿದೆವು. ಡಬ್ಬಿಯನ್ನು ಲೈಟಿನ ಪಟ್ಟಿಗೆ ಕಟ್ಟಿದಾಗ 70 ಮೀಟರ್ ಹತ್ತಿರ ಬರುವ ತನಕ ಬಜರ್ ಬಡಿಯಲಿಲ್ಲ. ಮೇಲೆ ಚಾಚಿದ ಕಬ್ಬು ಅಲೆಯನ್ನು ತಿನ್ನುತ್ತಿತ್ತು. ಹಸಿ ಕಬ್ಬು, ಹಸಿ ಎಲೆ ಅಂದರೆ ನೀರೇ ಅಲ್ವಾ? ಒಂದು ಪೈಪು ಹಾಕಿ ಡಬ್ಬಿಯನ್ನು ಕಬ್ಬಿನ ಮೇಲಕ್ಕೆ ಎತ್ತಿದೆವು. ನೇರ ರಸ್ತೆಯಲ್ಲಿ 220 ಮೀಟರ್ ಬಂತು. ನನಗೆ ಮೈ ಜುಮ್ಮೆಂದಿತು. ಆಮೇಲೆ ತಿರುವಿನಲ್ಲಿ ನೋಡಿದೆವು. ನಡುವೆ ನಿಂತ ಕಬ್ಬಿನ ಹೊಲ. ಅಲ್ಲಿ ಮತ್ತೆ 80ಕ್ಕೆ ಇಳಿಯಿತು. 2.4 ಗಿಗಾಹರ್ಟ್ಸಿನ ಅಲೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ. 5.9ರದ್ದು ಐದೇ ಸೆಂಟಿಮೀಟರ್. ಅಲೆ ಗಿಡ್ಡ ಆದಷ್ಟೂ ಎಲೆ, ಗೋಡೆ, ಗಾಡಿಯ ಮೈ ಅದನ್ನು ಜಾಸ್ತಿ ತಡೆಯುತ್ತವೆ. ಜಪಾನಿನವರು 760 ಮೆಗಾಹರ್ಟ್ಸ್ ಹಿಡಿದದ್ದು ಸುಮ್ನೆ ಅಲ್ಲ. ಅದರ ಅಲೆ ನಲವತ್ತು ಸೆಂಟಿಮೀಟರಿನ ಹತ್ತಿರ. ಮೂಲೆಗಳನ್ನು ಸುತ್ತಿ ಚೆನ್ನಾಗಿ ಹೋಗುತ್ತದೆ. ನಮ್ಮಲ್ಲೂ 865 ಮೆಗಾಹರ್ಟ್ಸಿನ ಜಾಗ ಲೈಸೆನ್ಸ್ ಇಲ್ಲದೆ ಸಿಗುತ್ತದೆ. ಮುಂದಿನದನ್ನು ಅದರಲ್ಲಿ ಮಾಡೋಣ ಅಂತ ಅಳಿಯ ಹೇಳುತ್ತಿದ್ದಾನೆ. ಕಬ್ಬಿನ ನಾಡಿಗೆ ಉದ್ದ ಅಲೆಯೇ ಸರಿ ಅಂತ ನನಗೂ ಅನಿಸಿದೆ.

ಅವತ್ತೇ ಇನ್ನೊಂದು ಪಾಠವಾಯಿತು. ನಾನು ಖಾಲಿ ರಸ್ತೆಯಲ್ಲಿ ವಾಪಸ್ ಬರುತ್ತಿದ್ದೆ. ಬಜರ್ ಬಡಿಯಿತು. ಬ್ರೇಕ್ ಹಿಡಿದೆ. ಮುಂದೆ ಟ್ರಾಲಿಯೂ ಇಲ್ಲ, ಏನೂ ಇಲ್ಲ. ಚಹಾ ಅಂಗಡಿಯ ಕಟ್ಟೆಯ ಮೇಲೆ ಅಳಿಯ ಮೂರನೇ ಬೋರ್ಡು ಹಿಡಿದು ಕುಳಿತಿದ್ದ. ಅದರಿಂದ ಸುಳ್ಳು ಸಂದೇಶ ಕಳಿಸಿದ್ದ. ನನಗೆ ತೋರಿಸಬೇಕೆಂದೇ ಹೇಳದೆ ಮಾಡಿದ್ದ. ನನ್ನ ಹಿಂದೆ ಬಸ್ಸು ಇದ್ದಿದ್ದರೆ? ಎರಡು ಸಲ ಹೀಗಾದರೆ ಯಾರೂ ಆ ಬಜರನ್ನು ನಂಬುವುದಿಲ್ಲ. ದೊಡ್ಡ ಪದ್ಧತಿಗಳಲ್ಲಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುವುದು ಇದಕ್ಕೇ. ಸಹಿ ಸರಿ ಇದ್ದರೆ ಮಾತ್ರ ಗಾಡಿ ಆ ಮಾತನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆ ಸಹಿಯ ಸರ್ಟಿಫಿಕೇಟುಗಳನ್ನು ಬದಲಾಯಿಸುತ್ತಾ ಹೋಗುವುದರಿಂದ ಒಬ್ಬ ಮನುಷ್ಯ ಎಲ್ಲೆಲ್ಲಿ ಓಡಾಡಿದ ಅಂತ ಪತ್ತೆ ಹಚ್ಚುವುದೂ ಕಷ್ಟ. ರೇಡಿಯೋಗಿಂತ ಈ ಸಹಿಯ ವ್ಯವಸ್ಥೆಯೇ ದೊಡ್ಡ ಕೆಲಸ ಅಂತ ಈಗ ನನಗೆ ತಿಳಿದಿದೆ. ನಮ್ಮ ಡಬ್ಬಿಗೂ ಒಂದು ಗುಟ್ಟಿನ ಕೀಲಿ ಹಾಕಿದ್ದೇವೆ. ಸಾವಿರ ಡಬ್ಬಿ ಆದರೆ ಅದು ಸಾಕಾಗುವುದಿಲ್ಲ.

ಕಾರ್ಖಾನೆಯ ಯಾರ್ಡು ಇನ್ನೊಂದು ತಲೆನೋವು. ಹಂಗಾಮಿನಲ್ಲಿ ತೂಕದ ಪಾಳಿಗೆ ನೂರಾರು ಟ್ರಾಲಿ ಅಲ್ಲಿ ನಿಂತಿರುತ್ತವೆ. ದೊಡ್ಡ ಪದ್ಧತಿಗಳ ಹಾಗೆ 300 ಗಾಡಿ ಸೆಕೆಂಡಿಗೆ ಹತ್ತರಂತೆ ಕೂಗಿದರೆ ಸೆಕೆಂಡಿಗೆ 3,000 ಸಂದೇಶ. ಒಂದೊಂದು ಸಂದೇಶ 300 ಬೈಟ್, ವೇಗ ಸೆಕೆಂಡಿಗೆ 6 ಮೆಗಾಬಿಟ್ ಅಂತ ಹಿಡಿದರೂ ಒಂದಕ್ಕೆ 0.4 ಮಿಲಿಸೆಕೆಂಡು ಬೇಕು. ಒಟ್ಟು 1.2 ಸೆಕೆಂಡು. ಒಂದು ಸೆಕೆಂಡಿನಲ್ಲಿ ಅದು ಹಿಡಿಸುವುದೇ ಇಲ್ಲ. ದೊಡ್ಡ ಪದ್ಧತಿಗಳಲ್ಲಿ ಗದ್ದಲ ಜಾಸ್ತಿ ಆದರೆ ಗಾಡಿಗಳು ತಾವೇ ಕೂಗುವುದನ್ನು ಕಡಿಮೆ ಮಾಡುತ್ತವೆ. ನಮ್ಮ ಡಬ್ಬಿಗೆ ಆ ಬುದ್ಧಿ ಇನ್ನೂ ಕೊಟ್ಟಿಲ್ಲ. ಯಾರ್ಡಿನ ಗೇಟಿನಲ್ಲಿ 'ಸುಮ್ಮನಿರು' ಅನ್ನುವ ಒಂದು ರೇಡಿಯೋ ಇಡಬಹುದು ಅಂತ ಯೋಚನೆ ಬಂತು. ಆದರೆ ಅದೇ 'ಸುಮ್ಮನಿರು' ಸಂದೇಶ ರಸ್ತೆಯಲ್ಲಿ ಕೇಳಿಸಿದರೆ ಟ್ರಾಲಿ ಮೂಕವಾಗುತ್ತದೆ. ಅದು ಸುಳ್ಳು ಎಚ್ಚರಿಕೆಗಿಂತ ಕೆಟ್ಟದ್ದು. ಹಾಗಾಗಿ ಸದ್ಯಕ್ಕೆ ಯಾರ್ಡಿನಲ್ಲಿ ಬಜರ್ ಬಡಿದರೂ ಸಹಿಸಿಕೊಳ್ಳಿ ಅಂತ ಹೇಳಿದ್ದೇನೆ.

ಹೊಸ ಕಾರು ಕೊಂಡವರು ತಮ್ಮ ಗಾಡಿಗೆ ಮುಂದೆ ಇರುವುದನ್ನು ಅಲೆ ಬಿಟ್ಟು ನೋಡಿ ತಾನೇ ಬ್ರೇಕ್ ಹಾಕುವ ರಾಡಾರ್ ಇದೆ ಅನ್ನುತ್ತಾರೆ. ಒಳ್ಳೆಯದು, ಇರಲಿ. ಆದರೆ ಬಹಳಷ್ಟು ರಾಡಾರ್ ಪದ್ಧತಿಗಳು ಜೋರಾಗಿ ಓಡುವಾಗ ನಿಂತ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹಿಂಜರಿಯುತ್ತವೆ. ಇಲ್ಲವಾದರೆ ಸೇತುವೆ, ಬೋರ್ಡು, ಕಂಬ ಎಲ್ಲಕ್ಕೂ ಬ್ರೇಕ್ ಹಾಕಬೇಕಾಗುತ್ತದೆ. ಮತ್ತೆ, ನಮ್ಮ ರಸ್ತೆಯಲ್ಲಿ ಜಾಸ್ತಿ ಸಾಯುವವರು ಆ ಕಾರಿನವರಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಎರಡು ಚಕ್ರದ ಗಾಡಿಯವರು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಲೆಕ್ಕ. ಹತ್ತು ಗಾಡಿಯಲ್ಲಿ ಒಂದಕ್ಕೆ ರೇಡಿಯೋ ಇದೆ ಅಂದುಕೊಳ್ಳಿ. ಗುದ್ದುವ ಗಾಡಿಗೂ, ಗುದ್ದಿಸಿಕೊಳ್ಳುವ ಗಾಡಿಗೂ ಎರಡಕ್ಕೂ ಇರುವ ಸಾಧ್ಯತೆ ನೂರಕ್ಕೆ ಒಂದು. ಇದೇ ಕಾರಣಕ್ಕೆ ಮೊದಲು ಕೊಳ್ಳುವವನಿಗೆ ಲಾಭ ಕಾಣುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಆದರೆ ಕಬ್ಬಿನ ಟ್ರಾಲಿಗಳಿಗೆಲ್ಲ ಹಾಕಿಬಿಟ್ಟರೆ? ಆಗ ಬೈಕಿಗೆ ರಿಸೀವರ್ ಹಾಕಿಸಿಕೊಂಡ ಮೊದಲನೇ ಮನುಷ್ಯನಿಗೇ ಪ್ರತಿ ನಿಂತ ಟ್ರಾಲಿಯೂ ಕೇಳಿಸುತ್ತದೆ. ಟ್ರಾಲಿಗಳು ಎಣಿಕೆಗೆ ಸಿಗುವಂಥವು. ಹಂಗಾಮಿಗೆ ಮೊದಲು ಕಾರ್ಖಾನೆಯ ಜೊತೆ ಕರಾರು ಆಗುತ್ತದೆ. ಪ್ರತಿ ಖೇಪಿಗೂ ಅದೇ ಗೇಟು, ಅದೇ ತೂಕದ ಕಾಟಾ. ಗೇಟಿನಲ್ಲಿ ಡಬ್ಬಿ ಕೂಗುತ್ತಿದೆಯೋ ಇಲ್ಲವೋ ನೋಡಿ ಒಳಗೆ ಬಿಟ್ಟರೆ ಸಾಕು. ದೊಡ್ಡ ದೊಡ್ಡ ಕಾರುಗಳಿಂದ ಶುರು ಮಾಡಿದ್ದೇ ಜಗತ್ತಿನ ತಪ್ಪು ಅಂತ ನನ್ನ ಅಭಿಪ್ರಾಯ. ಕೆಟ್ಟು ನಿಲ್ಲುವ ಗಾಡಿಯಿಂದ ಶುರು ಮಾಡಬೇಕು.

ರೇಡಿಯಂ ಸ್ಟಿಕರ್ ಬೇಡವೇ ಅಂತ ಕೇಳಬೇಡಿ. ಅದು ಬೇಕೇ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 104ನೇ ನಿಯಮವೇ ರಿಫ್ಲೆಕ್ಟರಿಗೆ ಮೀಸಲು. ಅದಕ್ಕೆ ಕರೆಂಟೂ ಬೇಡ, ಸಹಿಯೂ ಬೇಡ. ಆದರೆ ಅದು ಹೊಳೆಯಬೇಕಾದರೆ ನಮ್ಮ ಬೆಳಕು ಅದರ ಮೇಲೆ ಬೀಳಬೇಕು, ನಮ್ಮ ಕಣ್ಣು ಕುಕ್ಕಿರಬಾರದು, ಅದರ ಮೇಲೆ ಕೆಸರು ಇರಬಾರದು. ನನ್ನ ಅಂಗಡಿಗೆ ಬಂದ ಯಾವ ಟ್ರಾಲಿಯನ್ನೂ ಈಗ ರೇಡಿಯಂ ಅಂಟಿಸದೆ ಕಳಿಸುವುದಿಲ್ಲ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈ ಹಂಗಾಮಿಗೆ ಐದು ಟ್ರಾಲಿಗೆ ಡಬ್ಬಿ ಕೂರಿಸಿದ್ದೇವೆ. ರಿಸೀವರ್ ಹನ್ನೊಂದು ಬೈಕಿಗಿದೆ. ಡಬ್ಬಿಗಳ ಸೋಲ್ಡರಿಂಗ್ ಮಾಡುವುದು ನಮ್ಮ ತಮ್ಮ. ಕುಳಿತು ಮಾಡುವ ಕೆಲಸ, ಕಾಲಿಗೆ ತೊಂದರೆ ಇಲ್ಲ. ಮಗ್ಗದಲ್ಲಿ ಎಳೆ ಕಡಿದರೆ ಕಣ್ಣಿಗೆ ಸಿಗದಷ್ಟು ಸಣ್ಣ ಗಂಟು ಹಾಕುತ್ತಿದ್ದ ಕೈ ಅದು. ಅವನ ಜೋಡಣೆ ನನ್ನದಕ್ಕಿಂತ ಚೊಕ್ಕ. ಪ್ರತಿ ಡಬ್ಬಿಯನ್ನೂ ಮುಗಿಸಿದ ಮೇಲೆ ಸುತ್ತಲೂ ಕೆಂಪು ರೇಡಿಯಂ ಸುತ್ತುತ್ತಾನೆ.

ಆರನೇ ಡಬ್ಬಿ ಮೊನ್ನೆ ಮುಗಿಯಿತು. ಅದು ಯಾವ ಟ್ರಾಲಿಗೆ ಅಂತ ಅವನೇ ಹೇಳಿದ. ಅವತ್ತು ರಾತ್ರಿ ನಿಂತಿದ್ದ ಟ್ರಾಲಿಗೆ. ಡ್ರೈವರಿಗೆ ಫೋನ್ ಮಾಡಿದ್ದೇನೆ. ಮಂಗಳವಾರ ಮಹಾಲಿಂಗಪುರದ ಕಡೆ ಖೇಪು ಇದೆ, ಬರುತ್ತೇನೆ ಅಂದಿದ್ದಾನೆ.